‘ಮಳೆ’ ಎಂದು ಹೇಳಿದೆ, ಅವಳು ‘ಬಳೆ’ ಎಂದು ಬರೆದಳು

ಉಕ್ತಲೇಖನ ತಿದ್ದುತ್ತಿದ್ದಾಗ ಒಂದು ಹಾಳೆ ನನ್ನನ್ನು ತಡೆದು ನಿಲ್ಲಿಸಿತು. ಹತ್ತು ಪದಗಳಲ್ಲಿ ಆರು ತಪ್ಪು. ‘ಮಳೆ’ ಎಂದಲ್ಲಿ ‘ಬಳೆ’, ‘ಮರ’ ಎಂದಲ್ಲಿ ‘ಬರ’. ಅಕ್ಷರಗಳು ಮಾತ್ರ ದುಂಡಾಗಿದ್ದವು, ಬರೆದ ಪದಗಳೆಲ್ಲ ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದವು. ಪ, ಬ, ಮ ಮೂರನ್ನೂ ನಾವು ತುಟಿ ಮುಚ್ಚಿ ತೆರೆದೇ ಹೇಳುತ್ತೇವೆ. ತುಟಿ ನೋಡಿ ಊಹಿಸುವವರಿಗೆ ಮೂರೂ ಒಂದೇ.

ಆ ಹುಡುಗಿಯ ಎರಡೂ ಕಿವಿಗೆ ಶ್ರವಣ ಸಾಧನವಿತ್ತು. ಕನ್ನಡಕ ಹಾಕಿದರೆ ಕಾಣುವಂತೆ ಸಾಧನ ಹಾಕಿದರೆ ಕೇಳಿಸುತ್ತದೆ ಎಂದೇ ನಾನು ತಿಳಿದಿದ್ದೆ. ಆದರೆ ಅದು ನನ್ನ ಮಾತಿನ ಜೊತೆಗೆ ಬೆಂಚು ಎಳೆಯುವ ಸದ್ದನ್ನೂ ಹಿಗ್ಗಿಸುತ್ತದೆ. ಒಂದೆರಡು ಮೀಟರ್ ಒಳಗಿನ ಮಾತು ಚೆನ್ನಾಗಿ ತಲುಪುತ್ತದೆ. ತೆರೆದ ಜಾಗದಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ಇಳಿತ ಕಡಿಮೆಯಾದರೂ ಮಾರ್ದನಿ ಸೇರಿ ಮಾತು ಕಲಸಿಹೋಗುತ್ತದೆ. ನಾನಾದರೋ ಕೊನೆಯ ಸಾಲಿನವರೆಗೆ ಓಡಾಡುತ್ತ ಪದ ಹೇಳುತ್ತಿದ್ದೆ. ಆ ಆರು ತಪ್ಪುಗಳು ಅವಳವಲ್ಲ.

ಮರುದಿನವೇ ಅವಳನ್ನು ಮೊದಲ ಸಾಲಿಗೆ ಕರೆತಂದೆ. ಅದೂ ಸರಿಹೋಗಲಿಲ್ಲ. ಬೇರೆ ಮಕ್ಕಳು ಉತ್ತರ ಹೇಳುವಾಗ ಅವಳು ಪ್ರತಿ ಸಲ ತಿರುಗಿ ಯಾರು ಮಾತನಾಡುತ್ತಿದ್ದಾರೆಂದು ಹುಡುಕಬೇಕಿತ್ತು. ಕಂಡುಹಿಡಿಯುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಎರಡನೆಯ ಸಾಲಿನ ಬದಿಯಲ್ಲಿ, ಕಿಟಕಿ ಮತ್ತು ಫ್ಯಾನಿನಿಂದ ದೂರ, ಬೆಂಚನ್ನು ತುಸು ಓರೆಯಾಗಿಟ್ಟ ಮೇಲೆ ಎಲ್ಲರ ಮುಖವೂ ಅವಳಿಗೆ ಕಾಣತೊಡಗಿತು. ಬೆಂಚಿನ ಕಾಲುಗಳಿಗೆ ರಬ್ಬರ್ ಹಾಕಿಸಿದೆವು. ಅದರಿಂದ ಇಡೀ ತರಗತಿಗೇ ನೆಮ್ಮದಿಯಾಯಿತು.

ನನ್ನ ಅಭ್ಯಾಸ ತಿದ್ದಿಕೊಳ್ಳುವುದು ಬೆಂಚು ಸರಿಸಿದಷ್ಟು ಸುಲಭವಿರಲಿಲ್ಲ. ಹಲಗೆಯ ಮೇಲೆ ಬರೆಯುತ್ತ ಮಾತನಾಡುವುದನ್ನು ಬಿಡಲು ತಿಂಗಳುಗಳೇ ಬೇಕಾದವು. ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ನಾನು ಇನ್ನೊಮ್ಮೆ ಹೇಳಿ ಉತ್ತರಿಸುತ್ತಿದ್ದೆ. ಉಕ್ತಲೇಖನದಲ್ಲಿ ಬಿಡಿ ಪದ ಕೊಡುವುದನ್ನು ನಿಲ್ಲಿಸಿದೆ. ‘ರಾತ್ರಿಯೆಲ್ಲ ಮಳೆ ಸುರಿಯಿತು’ ಎಂದರೆ ಬಳೆಗೆ ಜಾಗವಿರುವುದಿಲ್ಲ. ‘ಅರ್ಥವಾಯಿತೇ?’ ಎಂದು ಕೇಳುವುದನ್ನೂ ಬಿಟ್ಟೆ, ಏಕೆಂದರೆ ಅದಕ್ಕೆ ಅವಳು ಯಾವಾಗಲೂ ತಲೆಯಾಡಿಸುತ್ತಿದ್ದಳು. ‘ಈಗ ಏನು ಮಾಡಬೇಕು, ಹೇಳು’ ಎಂದು ಕೇಳಿದರೆ ನಿಜ ತಿಳಿಯುತ್ತಿತ್ತು.

ಸಾಧನದಿಂದ ಸರಿಯಾಗಿ ಕೇಳಿಸುತ್ತಿದೆಯೇ ಎಂದು ತಿಳಿಯಲು ಪ್ರತಿದಿನ ಬೆಳಿಗ್ಗೆ ಎರಡು ನಿಮಿಷ ‘ಲಿಂಗ್ ಪರೀಕ್ಷೆ’ (ಡೇನಿಯಲ್ ಲಿಂಗ್ ಎಂಬವರ ಹೆಸರಿನದು) ಮಾಡುತ್ತಿದ್ದೆವು. ನಾನು ಬಾಯಿ ಮರೆಮಾಡಿಕೊಂಡು ಆ, ಊ, ಈ, ಶ್, ಸ್, ಮ್ ಎಂಬ ಆರು ಧ್ವನಿಗಳನ್ನು ಹೇಳಿದರೆ ಅವಳು ಅದನ್ನೇ ಮರಳಿ ಹೇಳಬೇಕು. ಮಾತಿನ ತಗ್ಗಿನಿಂದ ಏರು ಸ್ವರದವರೆಗಿನ ಹರವು ಈ ಆರರಲ್ಲಿ ಬಂದುಬಿಡುತ್ತದೆ. ಒಂದು ದಿನ ಯಾವುದಕ್ಕೂ ಉತ್ತರ ಬರಲಿಲ್ಲ. ಬ್ಯಾಟರಿ ಮುಗಿದಿತ್ತು. ಅಂದಿನಿಂದ ನನ್ನ ಮೇಜಿನಲ್ಲಿ ಹೆಚ್ಚುವರಿ ಬ್ಯಾಟರಿ ಸದಾ ಇರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅವಳು ತಲೆಯಿಟ್ಟು ಮಲಗುತ್ತಿದ್ದುದನ್ನು ನಾನು ಸೋಮಾರಿತನವೆಂದು ಎಣಿಸಿದ್ದೆ. ನೆನೆದರೆ ಈಗಲೂ ನೋವಾಗುತ್ತದೆ. ಅರ್ಧ ಕೇಳಿ ಉಳಿದರ್ಧ ಊಹಿಸುವ ಕೆಲಸ ದಿನವಿಡೀ ನಡೆದರೆ ಯಾರಾದರೂ ದಣಿಯುತ್ತಾರೆ. ಊಟದ ನಂತರ ಹತ್ತು ನಿಮಿಷ ಮೌನ ಓದು ಇಟ್ಟುಕೊಂಡೆ, ಕಷ್ಟದ ಪಾಠಗಳನ್ನು ಬೆಳಿಗ್ಗೆಗೆ ತಂದೆ.

‘ಒಬ್ಬಳಿಗೆ ಇಷ್ಟೆಲ್ಲ ಏಕೆ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದು ನಾನು ತೋರುವ ಕರುಣೆಯಲ್ಲ, ಅವಳ ಹಕ್ಕು ಎಂದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೆಯ ವಿಧಿ, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಿಕ್ಷಣದಲ್ಲಿ ಮಾಡಿಕೊಡಬೇಕೆನ್ನುತ್ತದೆ. ಅವರು ಒಪ್ಪಿದರೋ ಇಲ್ಲವೋ, ಅವರ ಬೆಂಚುಗಳಿಗೂ ರಬ್ಬರ್ ಬಂತು.

ವರ್ಷದ ಕೊನೆಯಲ್ಲಿ ಮುಂದಿನ ಶಿಕ್ಷಕಿಗಾಗಿ ಒಂದು ಪುಟ ಸಿದ್ಧಪಡಿಸಿ ಆ ಹುಡುಗಿಗೇ ಓದಲು ಕೊಟ್ಟೆ. ಪೂರ್ತಿ ಓದಿ, ಪೆನ್ಸಿಲ್ ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದಳು: ‘ವಿಡಿಯೋ ತೋರಿಸುವಾಗ ದೀಪ ಆರಿಸಿದರೆ ನಿಮ್ಮ ಮುಖ ಕಾಣುವುದಿಲ್ಲ. ಹೇಳುವುದನ್ನು ಆರಿಸುವ ಮೊದಲೇ ಹೇಳಿ.’ ಆ ವರ್ಷವಿಡೀ ನಾನು ದೀಪ ಆರಿಸಿಯೇ ವಿವರಿಸಿದ್ದೆ.