ವರ್ಷಕ್ಕೆ ಹಲವು ಸಲ ವಿದೇಶಕ್ಕೆ ಹೋಗುವವರು ಟ್ರಾವೆಲ್ ಇನ್ಶೂರೆನ್ಸ್ ಆರಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ವಿದೇಶ ಪ್ರಯಾಣ ಅಪರೂಪದ ಸಂಗತಿಯಲ್ಲ. ಬಜಪೆ ವಿಮಾನ ನಿಲ್ದಾಣದಿಂದ ದುಬೈಯಲ್ಲಿರುವ ಮಗನ ಮನೆಗೆ ಒಮ್ಮೆ, ವ್ಯಾಪಾರಕ್ಕೆ ಒಮ್ಮೆ, ರಜೆಯಲ್ಲಿ ಥಾಯ್ಲೆಂಡಿಗೋ ಶ್ರೀಲಂಕೆಗೋ ಒಮ್ಮೆ ಹೋಗಿಬರುವವರು ಎಷ್ಟೋ ಮಂದಿ. ಹೋಗುವಾಗಲೆಲ್ಲ ಒಂದೊಂದು ಪಾಲಿಸಿ ಮಾಡಿಸುವ ಬದಲು ಇಡೀ ವರ್ಷಕ್ಕೆ ಒಂದನ್ನೇ ಮಾಡಿಸಬಹುದು. ಆನ್ಯುವಲ್ ಮಲ್ಟಿ ಟ್ರಿಪ್ ಎಂದು ಕೇಳಿದರೆ ಎಲ್ಲ ದೊಡ್ಡ ಕಂಪನಿಗಳಿಗೂ ಗೊತ್ತಾಗುತ್ತದೆ. ವರ್ಷದಲ್ಲಿ ಎಷ್ಟು ಸಲ ಹೋದರೂ ಸರಿ, ಆದರೆ ಪ್ರತಿ ಪ್ರಯಾಣಕ್ಕೂ ದಿನಗಳ ಮಿತಿ ಇರುತ್ತದೆ. ಹಾಗಾಗಿ ಪ್ರೀಮಿಯಂ ಎಷ್ಟು ಎಂದು ಕೇಳುವ ಮೊದಲು, ನಿಮ್ಮ ಅತಿ ಉದ್ದದ ಪ್ರಯಾಣ ಎಷ್ಟು ದಿನದ್ದು ಎಂದು ಬರೆದಿಟ್ಟುಕೊಳ್ಳಿ.

ದಿನಗಳ ಮಿತಿ

ಸಾಮಾನ್ಯವಾಗಿ 30, 45, 60 ಅಥವಾ 90 ದಿನಗಳ ಮಿತಿಯ ಪ್ಲಾನ್‌ಗಳು ಸಿಗುತ್ತವೆ. ಹೊರಡುವ ದಿನ, ಮರಳುವ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಜನವರಿ 1ಕ್ಕೆ ಹೊರಟವರಿಗೆ 45ನೇ ದಿನ ಫೆಬ್ರವರಿ 14. ಫೆಬ್ರವರಿ 15ರ ನಸುಕಿಗೆ ಬಜಪೆಯಲ್ಲಿ ಇಳಿಯುವ ವಿಮಾನದ ಟಿಕೆಟ್ ಮಾಡಿಸಿದ್ದರೆ ಆಗಲೇ ಒಂದು ದಿನ ಮೀರಿತು.

ಮೀರಿದರೆ ಏನಾಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಪಾಲಿಸಿಗಳಲ್ಲಿ ಮೊದಲ 45 ದಿನಕ್ಕೆ ರಕ್ಷಣೆ ಇದ್ದು, ಆಮೇಲಿನದಕ್ಕೆ ಇರುವುದಿಲ್ಲ. ಇನ್ನು ಕೆಲವು, ಮೊದಲೇ ಮಿತಿ ಮೀರಿ ಯೋಜಿಸಿದ ಪ್ರಯಾಣವನ್ನು ಪೂರ್ತಿಯಾಗಿ ಹೊರಗಿಡುತ್ತವೆ. ಇದನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಪಾಲಿಸಿ ವರ್ಡಿಂಗ್‌ನಲ್ಲಿ ‘ಟ್ರಿಪ್’ ಎಂಬುದರ ವ್ಯಾಖ್ಯೆ ಓದಿ.

ಮಗಳ ಬಾಣಂತನಕ್ಕೆಂದು ಅಬುಧಾಬಿಗೋ ಅಮೆರಿಕಕ್ಕೋ ಹೋಗುವ ಅಮ್ಮಂದಿರಿಗೆ ವಾರ್ಷಿಕ ಪಾಲಿಸಿ ಸಾಮಾನ್ಯವಾಗಿ ಹೊಂದುವುದಿಲ್ಲ. ಅಲ್ಲಿ ಮೂರು ತಿಂಗಳು, ಆರು ತಿಂಗಳು ನಿಲ್ಲಬೇಕಾಗುತ್ತದೆ. ಅವರಿಗೆ 180 ದಿನಗಳವರೆಗೆ ಸಿಗುವ ಸಿಂಗಲ್ ಟ್ರಿಪ್ ಪಾಲಿಸಿಯೇ ಸರಿ. ಒಬ್ಬರೇ ವರ್ಷದಲ್ಲಿ ಮೂರು ಸಣ್ಣ ಪ್ರಯಾಣ, ಒಂದು ದೊಡ್ಡ ಪ್ರಯಾಣ ಮಾಡುವುದಿದ್ದರೆ 90 ದಿನಗಳ ದುಬಾರಿ ವಾರ್ಷಿಕ ಪ್ಲಾನ್‌ನ ಹಿಂದೆ ಬೀಳುವುದು ಬೇಡ. ಸಣ್ಣವಕ್ಕೆಲ್ಲ 30 ದಿನಗಳ ವಾರ್ಷಿಕ ಪಾಲಿಸಿ, ದೊಡ್ಡದಕ್ಕೆ ಪ್ರತ್ಯೇಕ ಸಿಂಗಲ್ ಟ್ರಿಪ್ ಮಾಡಿಸಿ ಒಟ್ಟು ಮೊತ್ತ ಎಷ್ಟಾಗುತ್ತದೆ ನೋಡಿ. ಎಷ್ಟೋ ಸಲ ಇದೇ ಕಡಿಮೆ.

ವರ್ಷದ ಕೊನೆಯಲ್ಲೂ ಒಂದು ತೊಡಕು ಇದೆ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನೀವು ಮಾರ್ಚ್ 20ಕ್ಕೆ ಹೊರಟು ಏಪ್ರಿಲ್ 10ಕ್ಕೆ ಮರಳುತ್ತೀರಿ ಎಂದಿಟ್ಟುಕೊಳ್ಳಿ. ಏಪ್ರಿಲ್‌ನ ಆ ಹತ್ತು ದಿನಗಳಿಗೆ ರಕ್ಷಣೆ ಇದೆಯೇ ಎಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಪಾಲಿಸಿಯನ್ನು ಕೊಂಡ ದಿನದಿಂದಲೇ ಶುರು ಮಾಡಿಸುವ ಅಗತ್ಯವೂ ಇಲ್ಲ; ಮೊದಲ ಪ್ರಯಾಣದ ದಿನಾಂಕವನ್ನು ಆರಂಭದ ದಿನವಾಗಿ ಕೊಟ್ಟರೆ ಇಡೀ 12 ತಿಂಗಳು ಕೈಗೆ ಸಿಗುತ್ತದೆ.

ಲಾಭವೋ ನಷ್ಟವೋ

ಮುಂದಿನ 12 ತಿಂಗಳಲ್ಲಿ ಖಚಿತವಾಗಿ ಆಗುವ ಪ್ರಯಾಣಗಳನ್ನು ಮಾತ್ರ ಬರೆಯಿರಿ. ‘ಆದರೆ ಆಯಿತು’ ಎನ್ನುವವನ್ನು ಬಿಡಿ. ಪ್ರತಿಯೊಂದಕ್ಕೂ ದೇಶ, ದಿನ, ವಯಸ್ಸು ಹಾಕಿ ಸಿಂಗಲ್ ಟ್ರಿಪ್ ದರ ತೆಗೆಯಿರಿ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಒಮ್ಮೆ, ಹೋಲಿಕೆ ಮಾಡುವ ತಾಣದಲ್ಲಿ ಒಮ್ಮೆ ನೋಡಿ. ಲೆಕ್ಕದ ಅನುಕೂಲಕ್ಕೆ ಒಂದು ಕಲ್ಪಿತ ಉದಾಹರಣೆ: ದುಬೈಯ 10 ದಿನಕ್ಕೆ 600 ರೂಪಾಯಿ, ಬ್ಯಾಂಕಾಕ್‌ನ 7 ದಿನಕ್ಕೆ 500, ಜರ್ಮನಿಯ 15 ದಿನಕ್ಕೆ 1,100. ಒಟ್ಟು 2,200. ವಾರ್ಷಿಕ ಪಾಲಿಸಿ 4,500 ಆದರೆ ಈ ಮನೆಗೆ ಅದು ನಷ್ಟ. ಅದೇ ಮನುಷ್ಯ ದುಬೈಗೆ ಆರು ಸಲ ಹೋಗುವವನಾದರೆ ಒಟ್ಟು 5,200 ಆಗಿ ಲೆಕ್ಕ ತಿರುಗುತ್ತದೆ. ಹೋಲಿಸುವಾಗ ವಿಮಾ ಮೊತ್ತವೂ ಡಿಡಕ್ಟಿಬಲ್ಲೂ (ಕ್ಲೇಮ್‌ನಲ್ಲಿ ನಾವೇ ಭರಿಸುವ ಮೊದಲ ಪಾಲು) ಎರಡು ಕಡೆಯೂ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ದರವನ್ನು ಥಟ್ಟನೆ ಏರಿಸುವುದು ಅಮೆರಿಕ ಮತ್ತು ಕೆನಡಾ. ‘ಅಮೆರಿಕ, ಕೆನಡಾ ಬಿಟ್ಟು ಉಳಿದ ಪ್ರಪಂಚ’ ಎಂಬ ಪ್ಲಾನ್ ಬೇರೆಯೇ ಇರುತ್ತದೆ. ಗಲ್ಫ್, ಯುರೋಪ್, ಆಗ್ನೇಯ ಏಷ್ಯಾ ಓಡಾಟಕ್ಕೆ ಅದು ಧಾರಾಳ. ಗೋಡಂಬಿ ವ್ಯಾಪಾರಕ್ಕೆ ಆಫ್ರಿಕದ ದೇಶಗಳಿಗೆ ಹೋಗುವವರಿಗೂ ಇದೇ ಸಾಕು. ಹೋಗುವ ದೇಶವನ್ನು ಪಾಲಿಸಿ ಹೊರಗಿಟ್ಟಿಲ್ಲ ಎಂಬುದನ್ನಷ್ಟೇ ನೋಡಿಕೊಳ್ಳಿ.

ಕೆಲವು ಕಡೆಗೆ ವಿಮೆ ಆಗಲೇ ಸಿಕ್ಕಿರುತ್ತದೆ. ಉಮ್ರಾ ವೀಸಾದ ಶುಲ್ಕದಲ್ಲೇ ಸೌದಿಯ ವೈದ್ಯಕೀಯ ವಿಮೆ ಸೇರಿದೆ, ಸೌದಿಯ ಪ್ರವಾಸಿ ಇ-ವೀಸಾದಲ್ಲೂ ಹಾಗೆಯೇ. ಭಾರತದೊಳಗಿನ ಪ್ರಯಾಣಕ್ಕೆ ವಾರ್ಷಿಕ ಟ್ರಾವೆಲ್ ಪಾಲಿಸಿ ಕೊಳ್ಳಬೇಡಿ. ನಿಮ್ಮ ಆರೋಗ್ಯ ವಿಮೆ ಬೆಂಗಳೂರಿನಲ್ಲೂ ದೆಹಲಿಯಲ್ಲೂ ನಡೆಯುತ್ತದೆ. ವಿಮಾನದ ಟಿಕೆಟ್ ಬುಕ್ ಮಾಡುವಾಗ ಮೊದಲೇ ಟಿಕ್ ಹಾಕಿಟ್ಟ ವಿಮೆ ಕಂಡರೆ ತೆಗೆದುಬಿಡಿ. ಗ್ರಾಹಕನಿಗೆ ತಿಳಿಯದಂತೆ ಬುಟ್ಟಿಗೆ ಸರಕು ಸೇರಿಸುವುದನ್ನು ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಮರುಳು ಮಾಡುವ ತಂತ್ರಗಳ ವಿರುದ್ಧದ 2023ರ ಮಾರ್ಗಸೂಚಿ ನಿಷೇಧಿಸಿದೆ.

ಹಣ ಹಾಕಬೇಕಾದ ಜಾಗ

ಟ್ರಾವೆಲ್ ಪಾಲಿಸಿಯ ಜೀವ ಇರುವುದು ಆಸ್ಪತ್ರೆಯ ಖರ್ಚಿನಲ್ಲಿ. ಉಳಿದದ್ದೆಲ್ಲ ಮೇಲಿನ ಅಲಂಕಾರ. ವಿಮಾ ಮೊತ್ತ ಡಾಲರ್‌ನಲ್ಲಿರುತ್ತದೆ: 50 ಸಾವಿರ, 1 ಲಕ್ಷ, 2.5 ಲಕ್ಷ, 5 ಲಕ್ಷ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾ) ಕನಿಷ್ಠ 30,000 ಯೂರೋ ರಕ್ಷಣೆ ಬೇಕು, ಅದು ಷೆಂಗೆನ್‌ನ ಎಲ್ಲ ದೇಶಗಳಿಗೂ ಅನ್ವಯಿಸಬೇಕು, ಅಲ್ಲಿಂದ ಊರಿಗೆ ಕರೆತರುವ ಖರ್ಚೂ ಸೇರಿರಬೇಕು. ಮಲ್ಟಿಪಲ್ ಎಂಟ್ರಿ ವೀಸಾ ಕೇಳುವವರು ಅರ್ಜಿಯ ಜತೆ ಮೊದಲ ಭೇಟಿಯ ಅವಧಿಗೆ ವಿಮೆ ತೋರಿಸಿದರೆ ಸಾಕು. ಮುಂದಿನ ಭೇಟಿಗಳಿಗೆ ವಿಮೆ ಮಾಡಿಸುವ ಹೊಣೆ ಅವರದೇ. 50 ಸಾವಿರ ಡಾಲರ್ ಯುರೋಪಿನ ಈ ನಿಯಮವನ್ನು ದಾಟುತ್ತದೆ. ಅಮೆರಿಕಕ್ಕೆ ಅದು ಏನೇನೂ ಸಾಲದು, ಅಲ್ಲಿಗೆ 2.5 ಲಕ್ಷಕ್ಕಿಂತ ಕೆಳಗೆ ಇಳಿಯಬೇಡಿ.

ವಾರ್ಷಿಕ ಪಾಲಿಸಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಮೊತ್ತ ಪ್ರತಿ ಪ್ರಯಾಣಕ್ಕೋ, ಇಡೀ ವರ್ಷಕ್ಕೋ? ಇಡೀ ವರ್ಷಕ್ಕೆ ಎಂದಾದರೆ, 50 ಸಾವಿರ ಡಾಲರ್ ಪಾಲಿಸಿಯಲ್ಲಿ ಮೇ ತಿಂಗಳಲ್ಲಿ 30 ಸಾವಿರ ಡಾಲರ್ ಕ್ಲೇಮ್ ಮಾಡಿದವರಿಗೆ ಡಿಸೆಂಬರ್ ಪ್ರಯಾಣಕ್ಕೆ 20 ಸಾವಿರ ಮಾತ್ರ ಉಳಿಯುತ್ತದೆ.

ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೇಮ್‌ನಲ್ಲೂ ನಮ್ಮ ಜೇಬಿನಿಂದ ಹೋಗುವ ಮೊದಲ ಪಾಲು. 100 ಡಾಲರ್ ಡಿಡಕ್ಟಿಬಲ್ ಇದ್ದು ಜ್ವರಕ್ಕೆ 140 ಡಾಲರ್ ಬಿಲ್ ಆದರೆ ಸಿಗುವುದು 40. ಸಣ್ಣ ಖರ್ಚನ್ನು ತಾವೇ ಭರಿಸಬಲ್ಲವರು ಹೆಚ್ಚಿನ ಡಿಡಕ್ಟಿಬಲ್ ಒಪ್ಪಿ, ಉಳಿದ ಪ್ರೀಮಿಯಂ ಹಣದಲ್ಲಿ ವಿಮಾ ಮೊತ್ತ ಏರಿಸಿಕೊಳ್ಳುವುದು ಜಾಣತನ.

ಈಗ ಬಿಪಿ, ಶುಗರ್ ವಿಷಯ. ನಮ್ಮ ಕಡೆ ಐವತ್ತು ದಾಟಿದವರ ಪ್ರಯಾಣದ ಚೀಲದಲ್ಲಿ ಈ ಎರಡರಲ್ಲೊಂದರ ಮಾತ್ರೆ ಇದ್ದೇ ಇರುತ್ತದೆ. ಮೊದಲೇ ಇರುವ ಕಾಯಿಲೆಗೆ ಹೆಚ್ಚಿನ ಪ್ಲಾನ್‌ಗಳು ರಕ್ಷಣೆ ಕೊಡುವುದಿಲ್ಲ, ಕೊಟ್ಟರೂ ಜೀವಕ್ಕೆ ಅಪಾಯವಾದ ತುರ್ತು ಸ್ಥಿತಿಯಲ್ಲಿ, ಒಂದು ಸಣ್ಣ ಮಿತಿಯೊಳಗೆ ಮಾತ್ರ. ವರ್ಷಗಳಿಂದ ಬಿಪಿ ಮಾತ್ರೆ ತಿನ್ನುವವರಿಗೆ ದಮ್ಮಾಮ್‌ನಲ್ಲಿ ಹೃದಯಾಘಾತವಾದರೆ ಕಂಪನಿ ಮೊದಲು ಕೇಳುವುದು ಊರಿನ ಡಾಕ್ಟರ ಚೀಟಿಗಳನ್ನು. ಅರ್ಜಿಯಲ್ಲಿ ‘ಕಾಯಿಲೆ ಇಲ್ಲ’ ಎಂದಿದ್ದು ಚೀಟಿಯಲ್ಲಿ ಇದ್ದರೆ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ಇಂಥ ಅರ್ಜಿಯನ್ನು ಟ್ರಾವೆಲ್ ಏಜೆಂಟ್ ಅವಸರದಲ್ಲಿ ಎಲ್ಲದಕ್ಕೂ ‘ಇಲ್ಲ’ ಒತ್ತಿ ಮುಗಿಸುವುದುಂಟು. ತಂದೆ ತಾಯಿಯ ಅರ್ಜಿಯನ್ನು ದಯವಿಟ್ಟು ನೀವೇ ಕೂತು ತುಂಬಿ. ಎರಡು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ, ಮೊದಲೇ ಇರುವ ಕಾಯಿಲೆಯ ತುರ್ತು ಚಿಕಿತ್ಸೆಗೆ ಸ್ಪಷ್ಟ ಮೊತ್ತ ಬರೆದಿರುವ ಪ್ಲಾನನ್ನೇ ಆರಿಸಿ.

ಅರುವತ್ತು ದಾಟಿದವರ ಪಾಲಿಸಿಯಲ್ಲಿ ಉಪಮಿತಿಗಳನ್ನೂ ಹುಡುಕಿ: ಕೋಣೆಯ ದಿನದ ಬಾಡಿಗೆಗೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್‌ಗೆ ಇಷ್ಟು ಎಂದು. ಮುಖಪುಟದಲ್ಲಿ 1 ಲಕ್ಷ ಡಾಲರ್ ಇದ್ದರೂ ಒಳಗಿನ ಈ ಪಟ್ಟಿಯೇ ನಿಜವಾದ ಮೊತ್ತ. ವಾರ್ಷಿಕ ಪಾಲಿಸಿಗೆ ವಯಸ್ಸಿನ ಮಿತಿಯೂ ಇರುತ್ತದೆ, ಸಿಂಗಲ್ ಟ್ರಿಪ್‌ಗಿಂತ ಮೊದಲೇ ಬಾಗಿಲು ಮುಚ್ಚುವ ಕಂಪನಿಗಳಿವೆ.

ಬ್ಯಾಗೇಜ್‌ಗೆಂದು ಪ್ರೀಮಿಯಂ ಹೆಚ್ಚು ಕೊಡಬೇಡಿ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತಾರಾಷ್ಟ್ರೀಯ ವಿಮಾನದಲ್ಲಿ ಚೆಕ್-ಇನ್ ಬ್ಯಾಗ್ ಕಳೆದರೆ ವಿಮಾನ ಸಂಸ್ಥೆಯೇ ಒಬ್ಬರಿಗೆ 1,519 ಎಸ್‌ಡಿಆರ್‌ವರೆಗೆ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಸುಮಾರು 2,000 ಡಾಲರ್‌ವರೆಗೆ ಹೊಣೆ. ಈ ಮಿತಿ 2024ರ ಡಿಸೆಂಬರ್ 28ರಿಂದ ಜಾರಿಯಲ್ಲಿದೆ. ಬಟ್ಟೆ, ತಿಂಡಿ, ಉಡುಗೊರೆಗೆ ಅಷ್ಟು ಸಾಕು. ಚಿನ್ನ, ನಗದು, ಲ್ಯಾಪ್‌ಟಾಪ್ ಮಾತ್ರ ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡಿ; ವಿಮೆಯವರು ಸಾಮಾನ್ಯವಾಗಿ ಅದಕ್ಕೆ ಹಣ ಕೊಡುವುದಿಲ್ಲ.

ಯಾವುದಕ್ಕೆ ನಡೆಯುವುದಿಲ್ಲ

ಪ್ರಯಾಣ ಭಾರತದಿಂದ ಶುರುವಾಗಿ ಭಾರತಕ್ಕೇ ಮರಳಬೇಕು, ಪಾಲಿಸಿ ಹೊರಡುವ ಮೊದಲೇ ಆಗಿರಬೇಕು. ದುಬೈಯಲ್ಲಿ ಇಳಿದ ಮೇಲೆ ನೆನಪಾದರೆ ತಡವಾಯಿತು. ಅಲ್ಲೇ ಕೆಲಸದ ವೀಸಾದಲ್ಲಿರುವವರಿಗೆ ಇದು ಬೇಕಾಗಿಯೂ ಇಲ್ಲ. 2025ರ ಜನವರಿ 1ರಿಂದ ಯುಎಇಯ ಎಲ್ಲ ಎಮಿರೇಟ್‌ಗಳಲ್ಲೂ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯ.

ಹಡಗಿಗೆ ಹೋಗುವ ಹುಡುಗರು ಟ್ರಾವೆಲ್ ಪಾಲಿಸಿಯನ್ನು ನಂಬಿ ಕೂರಬಾರದು. ಹಡಗಿನ ಕೆಲಸದ ಅವಧಿ, ಕೈದುಡಿಮೆ ಇವೆಲ್ಲ ಸಾಮಾನ್ಯವಾಗಿ ಇದರ ಹೊರಗೆ. ಕೆಲಸದ ವೇಳೆಯ ಚಿಕಿತ್ಸೆಯ ಖರ್ಚು ಹಡಗಿನ ನೌಕರರ ಅಂತಾರಾಷ್ಟ್ರೀಯ ಒಪ್ಪಂದವಾದ ಎಂಎಲ್‌ಸಿ 2006ರ ಪ್ರಕಾರ ಹಡಗಿನ ಮಾಲೀಕರ ಹೊಣೆ. ಕರಾರುಪತ್ರದಲ್ಲಿ ಅದನ್ನು ನೋಡಿ.

ಫುಕೆಟ್, ಬಾಲಿಯಲ್ಲಿ ಬಾಡಿಗೆ ಸ್ಕೂಟರ್ ಏರುವವರು ಮಂಗಳೂರು ಅಥವಾ ಉಡುಪಿ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೋಗಿ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಒಂದು ವರ್ಷದ ಮಾನ್ಯತೆ. ಕಾರಿನ ಲೈಸೆನ್ಸ್ ಮಾತ್ರ ಇದ್ದವರಿಗೆ ಸ್ಕೂಟರ್ ಹಕ್ಕಿಲ್ಲ. ಮಾನ್ಯ ಲೈಸೆನ್ಸ್ ಇಲ್ಲದೆ ಅಥವಾ ಮದ್ಯ ಕುಡಿದು ಆದ ಅಪಘಾತಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಸ್ಕೂಬಾ, ಸ್ಕೀಯಿಂಗ್ ಆಸೆ ಇದ್ದರೆ ಅಡ್ವೆಂಚರ್ ಸ್ಪೋರ್ಟ್ಸ್ ಸೇರಿಸಿಕೊಳ್ಳಿ. ಗರ್ಭಿಣಿಯರು ಹೆರಿಗೆ ಸಂಬಂಧಿ ಷರತ್ತನ್ನು ಪ್ರತ್ಯೇಕವಾಗಿ ಓದಬೇಕು.

ಕ್ಲೇಮ್ ಆಗುವಂತೆ ನಡೆದುಕೊಳ್ಳುವುದು

ಪಾಲಿಸಿಯ ಪಿಡಿಎಫ್ ಜತೆ ವಿದೇಶದಿಂದ ಕರೆ ಮಾಡಬಹುದಾದ ಸಹಾಯವಾಣಿ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿ. 1800ರಿಂದ ಶುರುವಾಗುವ ಭಾರತದ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ತಾಗುವುದಿಲ್ಲ. ಅಲ್ಲಿರುವ ಮಕ್ಕಳಿಗೂ ಇವೆರಡನ್ನು ಕಳಿಸಿಡಿ, ಕಾಯಿಲೆ ಬಿದ್ದವರೇ ಕರೆ ಮಾಡಲಾಗದು.

ಆಸ್ಪತ್ರೆಗೆ ಸೇರುವ ಮೊದಲು, ತುರ್ತಾದರೆ ಸೇರಿದ 24 ಗಂಟೆಯೊಳಗೆ ಕರೆ ಮಾಡಿ ರೆಫರೆನ್ಸ್ ಸಂಖ್ಯೆ ಪಡೆಯಿರಿ. ಕಂಪನಿ ಆಸ್ಪತ್ರೆಗೆ ಹಣದ ಖಾತರಿ ಪತ್ರ ಕಳಿಸಿದರೆ ಮಾತ್ರ ಕ್ಯಾಶ್‌ಲೆಸ್. ಹೊರರೋಗಿಯಾಗಿ ಹೋದರೆ ಹಣ ಕೊಟ್ಟು ಆಮೇಲೆ ಕೇಳಬೇಕಾಗುತ್ತದೆ. ಒಟ್ಟು ಮೊತ್ತದ ರಸೀದಿ ಸಾಲದು, ಐಟಂ ಪ್ರಕಾರ ಬಿಲ್, ವೈದ್ಯರ ವರದಿ, ಔಷಧಿ ಚೀಟಿ ಬೇಕು. ಗಲ್ಫ್‌ನಲ್ಲಿ ಅರೇಬಿಕ್ ಬಿಲ್ ಕೊಟ್ಟರೆ ಇಂಗ್ಲಿಷ್ ಪ್ರತಿ ಅಲ್ಲೇ ಕೇಳಿ ಪಡೆಯಿರಿ, ಊರಿಗೆ ಬಂದ ಮೇಲೆ ಸಿಗುವುದು ಕಷ್ಟ. ದುಬೈಯ ಸ್ಮಾರ್ಟ್ ಗೇಟ್‌ನಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುವುದಿಲ್ಲ, ಹಾಗಾಗಿ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಪ್ರಯಾಣದ ದಿನಾಂಕಕ್ಕೆ ಅದೇ ಸಾಕ್ಷಿ.

ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ಪಿಐಆರ್ (ಬ್ಯಾಗ್ ಬಂದಿಲ್ಲವೆಂಬ ವರದಿ) ಬರೆಸಿ. ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಕೈಸೇರಿದರೆ 21 ದಿನದೊಳಗೆ ಲಿಖಿತ ದೂರು ಹೋಗಬೇಕು. ಪಾಸ್‌ಪೋರ್ಟ್ ಕಳೆದರೆ ಅಲ್ಲಿನ ಪೊಲೀಸ್ ವರದಿ ಇಲ್ಲದೆ ಕ್ಲೇಮ್ ಇಲ್ಲ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ತೀರ್ಮಾನವಾಗುತ್ತದೆ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.