ಬಿಳಿ ಸಂಜೆಮಲ್ಲಿಗೆಯೊಳಗಿನ ಕೆಂಪು

ಕುಷ್ಟಗಿ ಸುತ್ತಿನ ಹೊಲಗಳಲ್ಲಿ ಹತ್ತಿ ಬೀಜೋತ್ಪಾದನೆಯ ಕ್ರಾಸಿಂಗ್ ಕೆಲಸ, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸುವ ಕೆಲಸ, ಮಾಡಿಸುತ್ತ ಬಂದವನು ನಾನು. ಹೂವಿನ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆನಿಸಿ ಅದೇ ಕೈಕೆಲಸವನ್ನು ಹಿತ್ತಲಿನ ಸಂಜೆಮಲ್ಲಿಗೆಯ ಮೇಲೆ ಪ್ರಯೋಗಿಸಿದೆ. 1900ರಲ್ಲಿ ಮೆಂಡೆಲನ ಅನುವಂಶೀಯತೆಯ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್, ಇದೇ ಗಿಡದಲ್ಲಿ ಕೆಂಪಿಗೂ ಬಿಳಿಗೂ ಗುಲಾಬಿ ಹುಟ್ಟುವುದನ್ನು ತೋರಿಸಿದ್ದರು. ಅದು ಎಲ್ಲರಿಗೂ ಗೊತ್ತಿರುವುದರಿಂದ ನಾನು ಹಳದಿಗೂ ಬಿಳಿಗೂ ಕೂಡಿಸಲು ನಿರ್ಧರಿಸಿದೆ. ಅದಕ್ಕೂ ಮೊದಲು ಎರಡೂ ಗಿಡಗಳ ಬೀಜ ಬಿತ್ತಿ, ಮರಿಗಳಲ್ಲಿಯೂ ತಾಯಿಯ ಬಣ್ಣವೇ ಬರುತ್ತದೆಂದು ಖಚಿತಪಡಿಸಿಕೊಂಡಿದ್ದೆ.

ಹತ್ತಿಯಲ್ಲಿ ಮಧ್ಯಾಹ್ನದ ನಂತರ ಮೊಗ್ಗಿನ ಕೇಸರ ತೆಗೆದು ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಮುಟ್ಟಿಸುತ್ತೇವೆ. ಸಂಜೆಮಲ್ಲಿಗೆಯಲ್ಲಿ ಅಷ್ಟು ಪುರುಸೊತ್ತಿಲ್ಲ. ಹಳದಿ ಗಿಡದಲ್ಲಿ ಅಂದೇ ಅರಳಲಿರುವ ಉಬ್ಬಿದ ಮೊಗ್ಗನ್ನು ಮಧ್ಯಾಹ್ನವೇ ಆರಿಸಿ, ಕೊಳವೆಯನ್ನು ಉಗುರಿನಿಂದ ಮೆಲ್ಲಗೆ ಸೀಳಿ, ಐದೂ ಕೇಸರಗಳನ್ನು ಕಿತ್ತು, ಸಂಜೆ ಬಿಳಿ ಹೂ ಅರಳಿದ ಕೂಡಲೇ ಅದರ ಪರಾಗವನ್ನು ಶಲಾಕಾಗ್ರಕ್ಕೆ (ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿಗೆ) ಸವರಿ ದಾರ ಕಟ್ಟುತ್ತಿದ್ದೆ. ಕೇಸರ ಉಳಿದರೆ, ಹೂ ಮುದುಡುವಾಗ ಕೇಸರವೂ ಶಲಾಕೆಯೂ ಒಟ್ಟಿಗೆ ಸುರುಳಿ ಸುತ್ತಿಕೊಂಡು ಹೂ ತನ್ನ ಪರಾಗವನ್ನೇ ಪಡೆದುಬಿಡುತ್ತದೆ. ಇಷ್ಟು ಶ್ರಮಕ್ಕೆ ಹೂವೊಂದಕ್ಕೆ ದಕ್ಕುವುದು ಕರಿಮೆಣಸಿನಂಥ ಒಂದೇ ಬೀಜ. ಹತ್ತಿ ಕಾಯಿಗೆ ಒಗ್ಗಿದ ಕೈಗೆ ಇದು ತೀರ ಜಿಪುಣತನವೆನಿಸುತ್ತದೆ.

ತಿಳಿಹಳದಿ ಬರಬಹುದೆಂದು ಎಣಿಸಿದ್ದ ಸಸಿಗಳು ರಾಣಿ ಬಣ್ಣದ ಹೂ ಬಿಟ್ಟವು. ತಂದೆತಾಯಿ ಇಬ್ಬರಲ್ಲೂ ಇಲ್ಲದ ಕೆಂಪು ಮಕ್ಕಳಲ್ಲಿ ಬಂದದ್ದಕ್ಕೆ ಕಾರಣ, ಇಲ್ಲಿ ಎರಡು ಜೀನುಗಳ ಕೆಲಸವಿದೆ. ಒಂದು ಜೀನು ಬಣ್ಣ ಹುಟ್ಟಲು ಅವಕಾಶ ಕೊಡುತ್ತದೆ. ಇನ್ನೊಂದು ಹಳದಿಯ ಕಡೆ ಹೋಗುವ ದಾರಿಯನ್ನು ಕೆಂಪಿನ ಕಡೆ ತಿರುಗಿಸುತ್ತದೆ. ನನ್ನ ಬಿಳಿ ಗಿಡದಲ್ಲಿ ಎರಡನೆಯದು ಸರಿಯಾಗಿಯೇ ಇತ್ತು, ಆದರೆ ಮೊದಲನೆಯದು ಕೆಟ್ಟಿದ್ದರಿಂದ ಅದಕ್ಕೆ ಕೆಲಸವೇ ಇರಲಿಲ್ಲ. ಹಳದಿ ಗಿಡ ಆ ಕೊರತೆಯನ್ನು ತುಂಬಿತು. ಬಿಳಿ ಹೂವುಗಳೆಲ್ಲ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಶುದ್ಧ ಹಳದಿಯೊಡನೆ ಕೂಡಿಸಿದಾಗ ತಿಳಿಹಳದಿ ಬಂದರೆ ಆ ಬಿಳಿಯಲ್ಲಿ ಕೆಂಪಿನ ಜೀನೂ ಕೆಟ್ಟಿದೆ ಎಂದರ್ಥ.

ಈ ಬಣ್ಣ ದಾಸವಾಳ, ಶಂಖಪುಷ್ಪಗಳಲ್ಲಿರುವ ಆಂಥೋಸಯನಿನ್ ಅಲ್ಲ. ಬೀಟ್‌ರೂಟ್ ಮತ್ತು ರಾಜಗಿರಿಯಲ್ಲಿರುವ ಬೀಟಾಲೇನ್. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ, ಸಂಜೆಮಲ್ಲಿಗೆಯ ಕೆಂಪು ನೀರು ಹಾಗೆ ಬಣ್ಣ ಬದಲಿಸುವುದಿಲ್ಲ. ಇವೆರಡೂ ವರ್ಣದ್ರವ್ಯಗಳು ಒಂದೇ ಗಿಡದಲ್ಲಿ ಒಟ್ಟಿಗೆ ಕಂಡುಬರುವುದಿಲ್ಲ.

ರಾಣಿ ಬಣ್ಣದ ಗಿಡಗಳ ಸ್ವಂತ ಬೀಜವನ್ನು ಈಗ ಬೇರೆ ಮಡಿಯಲ್ಲಿ ಊರಿದ್ದೇನೆ. ಎರಡು ಜೀನುಗಳೂ ಸ್ವತಂತ್ರವಾಗಿ ಹಂಚಿಕೆಯಾದರೆ ಸರಾಸರಿ 16ರಲ್ಲಿ 9 ಕೆಂಪಿನ ನಾನಾ ಛಾಯೆಗಳು, 3 ಹಳದಿಯವು, 4 ಬಿಳಿ ಬರಬೇಕು. ಪಟ್ಟೆ ಹೂ ಬಿಡುವ ಗಿಡಗಳನ್ನು ಮಾತ್ರ ಈ ಕೆಲಸಕ್ಕೆ ಸೇರಿಸಿಲ್ಲ. ಅವುಗಳಲ್ಲಿ ಜಿಗಿಯುವ ಜೀನು ತುಣುಕುಗಳು ಒಂದೇ ಹೂವಿನೊಳಗೇ ಬಣ್ಣವನ್ನು ಬದಲಿಸುವುದರಿಂದ ಎಣಿಕೆ ಕೆಡುತ್ತದೆ.