ಬಿಸಿನೀರಿನ ಮಗ್‌ನಲ್ಲಿ ತೇಲುತ್ತಿದ್ದ ಬ್ಲಡ್ ಬ್ಯಾಗು

ಗ್ರೂಪ್ ನೋಡಿ, ಕ್ರಾಸ್ ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದಾ ಅನ್ನೋ ಪರೀಕ್ಷೆ) ಮಾಡಿ, ಬ್ಯಾಗ್ ಕೊಟ್ಟು ಸಹಿ ಹಾಕಿಸಿಕೊಂಡರೆ ಬ್ಲಡ್ ಬ್ಯಾಂಕಿನವರ ಕೆಲಸ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಒಂದು ದಿನ ಬೇರೇನೋ ಕೆಲಸಕ್ಕೆ ಹೆರಿಗೆ ವಾರ್ಡಿಗೆ ಹೋದೆ. ಆಗಷ್ಟೇ ನಾನು ಕೊಟ್ಟಿದ್ದ ಬ್ಯಾಗು ಬಿಸಿನೀರಿನ ಮಗ್‌ನಲ್ಲಿ ತೇಲುತ್ತಿತ್ತು.

"ತುಂಬಾ ತಣ್ಣಗಿದೆ ಡಾಕ್ಟ್ರೇ, ಪೇಶೆಂಟಿಗೆ ನಡುಕ ಬರುತ್ತೆ" ಅಂದರು ಸಿಸ್ಟರ್. ಅವರ ಕಾಳಜಿ ನಿಜವಾದದ್ದೇ. ಬಿಸಿ ಜಾಸ್ತಿಯಾದರೆ ಕೆಂಪು ಕಣಗಳು ಒಡೆಯುತ್ತವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಅಲ್ವಾ? ಆ ಬ್ಯಾಗನ್ನು ಬಿಸಾಡಿ ಬೇರೆ ಕೊಟ್ಟೆ.

ಆಡಿಟ್ ಅಂತ ಮೊದಲು ಹಳೇ ಕೇಸ್ ಶೀಟ್‌ಗಳನ್ನು ತೆಗೆಸಿದೆ. ಎಷ್ಟೋ ಕಡೆ ರಕ್ತ ಶುರು ಮಾಡಿದ ಸಮಯವೇ ಇಲ್ಲ. ಬಿಪಿ ಶುರುವಿಗೆ 120/80, ಹದಿನೈದು ನಿಮಿಷಕ್ಕೆ 120/80, ಮುಗಿದಾಗಲೂ 120/80. ಯಾರ ಬಿಪಿಯೂ ಅಷ್ಟು ಹೇಳಿದ ಮಾತು ಕೇಳುವುದಿಲ್ಲ! ಕಾಗದ ಬಿಟ್ಟು ಮಂಚದ ಪಕ್ಕ ನಿಲ್ಲತೊಡಗಿದೆ.

ಅಲ್ಲಿ ಕಂಡದ್ದೇ ಬೇರೆ. "ಲಕ್ಷ್ಮಮ್ಮ ಅಲ್ವಾ?" ಅಂತ ಕೇಳುತ್ತಿದ್ದರು. ಅರೆನಿದ್ದೆಯ ರೋಗಿ ಏನು ಕೇಳಿದರೂ ಹೂಂ ಅನ್ನುತ್ತಾಳೆ. ಅದೇ ವಾರ್ಡಿನಲ್ಲಿ ಇನ್ನೊಬ್ಬ ಲಕ್ಷ್ಮಮ್ಮ ಇದ್ದರೆ? "ನಿಮ್ಮ ಹೆಸರೇನಮ್ಮ?" ಅಂತ ಕೇಳಿ, ಐಪಿ ನಂಬರ್ (ಒಳರೋಗಿ ಸಂಖ್ಯೆ) ನೋಡಿ, ಇಬ್ಬರು ಮಂಚದ ಹತ್ತಿರವೇ ತಾಳೆ ನೋಡಬೇಕು. ಡ್ಯೂಟಿ ರೂಮಿನಲ್ಲಿ ಕೂತು ಟಿಕ್ ಹಾಕುವುದಲ್ಲ.

ಹಾಲ್‌ನಲ್ಲಿ ಸ್ಲೈಡ್ ಹಾಕಿ ಮಾಡಿದ ಕ್ಲಾಸು ದಂಡ. ನೈಟ್ ಶಿಫ್ಟಿನವರು ಬರಲಿಲ್ಲ, ಬಂದವರು ತೂಕಡಿಸಿದರು. ಆಮೇಲೆ ಶಿಫ್ಟ್ ಬದಲಾಗುವ ಹೊತ್ತಿಗೆ ನಾನೇ ವಾರ್ಡಿಗೆ ಹೋಗಿ ಹತ್ತು ನಿಮಿಷ ಮಾತಾಡತೊಡಗಿದೆ. ಅವಧಿ ಮುಗಿದ ರಕ್ತವನ್ನು ಎರಡು ಟ್ಯೂಬಿಗೆ ಹಾಕಿ, ರಕ್ತದ ಜೊತೆ ಯಾವ ಡ್ರಿಪ್ ಸೇರಬಾರದು ಅಂತ ತೋರಿಸಲು ಒಂದಕ್ಕೆ ಸಲೈನ್ (ಉಪ್ಪುನೀರು), ಇನ್ನೊಂದಕ್ಕೆ ಡೆಕ್ಸ್ಟ್ರೋಸ್ (ಸಕ್ಕರೆ ನೀರು) ಬೆರೆಸಿಟ್ಟೆ. ಡೆಕ್ಸ್ಟ್ರೋಸಿನಲ್ಲಿ ಕಣಗಳು ಗಂಟುಗಂಟಾದದ್ದು ನೋಡಿದ ಮೇಲೆ ಯಾರಿಗೂ ಸ್ಲೈಡ್ ಬೇಕಾಗಲಿಲ್ಲ. ಬ್ಯಾಗ್ ಹೊರಬಂದ 30 ನಿಮಿಷದೊಳಗೆ ಶುರು, 4 ಗಂಟೆಯೊಳಗೆ ಮುಕ್ತಾಯ, ಮೊದಲ 15 ನಿಮಿಷ ರೋಗಿಯ ಪಕ್ಕದಲ್ಲೇ. ಇಷ್ಟನ್ನು ಬಾಯಿಪಾಠ ಮಾಡಿಸಿದೆ.

ಡಾಕ್ಟರುಗಳದ್ದೇ ಕಷ್ಟ. ಎರಡೆರಡು ಬಾಟ್ಲಿ ಬರೆಯುವುದು ಚಾಳಿಯಾಗಿತ್ತು. ರಕ್ತಸ್ರಾವವಿಲ್ಲದೆ ಸ್ಥಿರವಾಗಿರುವ ರೋಗಿಗೆ ಸಾಮಾನ್ಯವಾಗಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದರೆ ಮಾತ್ರ ರಕ್ತ ಹಾಕುವ ಯೋಚನೆ. ದೊಡ್ಡವರಲ್ಲಿ ಒಂದು ಬ್ಯಾಗಿಗೆ ಸುಮಾರು 1 ಗ್ರಾಂ ಏರುತ್ತದೆ. ಒಂದು ಹಾಕಿ, ನೋಡಿ, ಆಮೇಲೆ ಇನ್ನೊಂದು ಕೇಳಿ ಅಂದೆ. "ನನಗೇ ಪಾಠ ಹೇಳ್ತೀಯೇನಯ್ಯಾ?" ಅಂದರು ಹಿರಿಯ ಸರ್ಜನ್. ಸುಮ್ನೆ ಬಂದೆ. ಪ್ರತಿ ತಿಂಗಳು ಅವರ ವಿಭಾಗದ ಬೇಡಿಕೆಗಳ ಪಟ್ಟಿಯನ್ನು ಯಾರ ಹೆಸರೂ ಹಾಕದೆ ಅವರ ಟೇಬಲ್ಲಿಗೆ ಕಳಿಸಿದೆ. ನಿಧಾನಕ್ಕೆ ಅವರ ಫಾರಂಗಳಲ್ಲಿ ಎರಡು ಹೋಗಿ ಒಂದಾಯಿತು. ಅವರು ಇವತ್ತಿಗೂ ಅದರ ಬಗ್ಗೆ ಮಾತಾಡಿಲ್ಲ, ನಾನೂ ಎತ್ತಿಲ್ಲ.

ಕೆಲವು ತಿಂಗಳಾದ ಮೇಲೆ ಸೂಪರಿಂಟೆಂಡೆಂಟ್ ಕರೆಸಿದರು. "ಏನ್ರೀ, ಕ್ಲಾಸ್ ಮಾಡಿದ ಮೇಲೆ ರಿಯಾಕ್ಷನ್ ಜಾಸ್ತಿ ಆಗಿದೆಯಲ್ಲ?" ಮೊದಲು ಚಳಿಜ್ವರ ಬಂದರೆ ಏವಿಲ್ (ಅಲರ್ಜಿ ಔಷಧಿ) ಕೊಟ್ಟು ಮುಚ್ಚಿಬಿಡುತ್ತಿದ್ದರು, ಈಗ ಬರೆದು ಕಳಿಸುತ್ತಿದ್ದಾರೆ ಅಂದೆ. ರಕ್ತ ಹಾಕಿದಾಗ ಆಗುವ ರಿಯಾಕ್ಷನ್‌ಗಳನ್ನು ವರದಿ ಮಾಡುವ ಹೀಮೋವಿಜಿಲೆನ್ಸ್ ಕಾರ್ಯಕ್ರಮ ದೇಶದಲ್ಲಿ 2012ರಲ್ಲೇ ಶುರುವಾಗಿದ್ದರೂ ಅದರ ಫಾರಂ ನಮ್ಮಲ್ಲಿ ಬೀರುವಿನಲ್ಲೇ ಕೂತಿತ್ತು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಇನ್ನೊಂದು ಬಂಡಲ್ ಫಾರಂ ಪ್ರಿಂಟ್ ಹಾಕಿಸಲು ಸಹಿ ಮಾಡಿದರು.